ಕುಮಾರ ಗಂಧರ್ವರ ಕೀರ್ತಿ: ಸಂದದ್ದೆಷ್ಟು, ಸಲ್ಲಬೇಕಾದದ್ದೆಷ್ಟು?

ಸಂಗೀತ ಪ್ರಪಂಚದಲ್ಲಿ ಕೀರ್ತಿ ಎರಡು ಬಗೆಯದು. ಎಲ್ಲರೂ ಒಪ್ಪಿ ತಲೆದೂಗುವ ಕೀರ್ತಿ ಒಂದು. ಅರ್ಧ ಜನ ಕೈಮುಗಿಯುವಾಗ ಇನ್ನರ್ಧ ಜನ ಹುಬ್ಬು ಗಂಟಿಕ್ಕುವ ಕೀರ್ತಿ ಇನ್ನೊಂದು. ಗದಗಿನಲ್ಲಿ ಹುಟ್ಟಿದ ಪಂಡಿತ ಭೀಮಸೇನ ಜೋಶಿಯವರದು ಮೊದಲನೆಯ ಬಗೆ. ಅವರ ಗಾಯನದಲ್ಲಿ ಹೆಚ್ಚು ಕಡಿಮೆ ಹುಡುಕಿದವರು ಇದ್ದರೂ ಅವರ ಹಿರಿಮೆಯನ್ನು ಅಲ್ಲಗಳೆದವರು ವಿರಳ. ಅವರಿಗಿಂತ ಎರಡೇ ವರ್ಷ ಕಿರಿಯರಾದ, ಬೆಳಗಾವಿಯ ಹತ್ತಿರದ ಸೂಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರದು ಎರಡನೆಯ ಬಗೆ. ಅವರು ಯುಗಪುರುಷರೆಂದು ಹೇಳುವವರು ಮುಂಬಯಿಯಲ್ಲಿ ಎಷ್ಟು ಮಂದಿ ಸಿಗುತ್ತಾರೋ, ಅವರ ಹೆಸರು ಅವರ ಹಾಡಿಗಿಂತ ದೊಡ್ಡದಾಯಿತೆಂದು ಹೇಳುವ ಹಳೆಯ ರಸಿಕರೂ ಅಷ್ಟೇ ಮಂದಿ ಸಿಗುತ್ತಾರೆ.

2023-24ರಲ್ಲಿ ಅವರ ಜನ್ಮಶತಾಬ್ದಿ ನಡೆಯಿತು. ಶತಾಬ್ದಿಯೆಂದರೆ ಹಾರ, ದೀಪ, ಭಾಷಣ. ಪರೀಕ್ಷೆಗೆ ಅಲ್ಲಿ ಎಡೆಯಿಲ್ಲ. ಆ ಸಡಗರ ಮುಗಿದಿರುವಾಗ ಒಂದು ಪ್ರಶ್ನೆಯನ್ನು ಸಮಾಧಾನದಿಂದ ಕೇಳಿಕೊಳ್ಳಬಹುದು: ಈ ಕೀರ್ತಿ ಅವರಿಗೆ ನ್ಯಾಯವಾಗಿ ಸಲ್ಲುತ್ತದೆಯೇ? ಪಾಶ್ಚಾತ್ಯರಲ್ಲಿ ಬೀಟಲ್ಸ್ ಎಂಬ ನಾಲ್ವರ ವಾದ್ಯಮೇಳ 1970ರಲ್ಲೇ ಚದುರಿಹೋದರೂ, ಅವರದು ನಿಜವಾದ ಪ್ರತಿಭೆಯೋ ಆ ಕಾಲದ ಅಲೆಯೋ ಎಂಬ ಜಗಳ ಇನ್ನೂ ನಿಂತಿಲ್ಲ. ಅಂಥ ಜಗಳದಿಂದ ಕಲಾವಿದನಿಗೆ ಅವಮಾನವಿಲ್ಲ. ಯಾರೂ ಜಗಳವಾಡದ ಕಲಾವಿದನೇ ಬೇಗ ಮರೆಯಾಗುತ್ತಾನೆ. ಮೇಲಾಗಿ ಈ ಪ್ರಶ್ನೆ ಮುಂಬಯಿಯ ಕನ್ನಡಿಗರಾದ ನಮಗೆ ಹತ್ತಿರದ್ದು. ನಮ್ಮ ಸಂಘಗಳ ವೇದಿಕೆಯಲ್ಲಿ ನಿಂತು ‘ನಮ್ಮವರು’ ಎಂದು ಹೆಸರುಗಳ ಪಟ್ಟಿ ಓದುವಾಗ ಕುಮಾರರ ಹೆಸರೂ ತಪ್ಪದೆ ಬರುತ್ತದೆ. ಆದರೆ ಪಟ್ಟಿ ಓದುವ ನಮ್ಮಲ್ಲಿ ಎಷ್ಟು ಮಂದಿ ಅವರನ್ನು ಕೇಳಿದ್ದೇವೆ?

ಬಾಲ್ಯದ ಪವಾಡ

ಅವರು ಹುಟ್ಟಿದ್ದು 1924ರ ಏಪ್ರಿಲ್ 8ರಂದು. ಹುಟ್ಟು ಹೆಸರು ಶಿವಪುತ್ರ, ತಂದೆ ಸಿದ್ಧರಾಮಯ್ಯ ಕೋಮಕಲಿ, ಮನೆಯಲ್ಲಿ ಹಾಡಿನ ವಾತಾವರಣ. ಹುಡುಗನಿಗೆ ಒಂದು ವಿಚಿತ್ರ ಶಕ್ತಿ ಇತ್ತು. ಅಬ್ದುಲ್ ಕರೀಂಖಾನ್, ಫೈಯಾಜ್ ಖಾನ್, ರಾಮಕೃಷ್ಣಬುವಾ ವಝೆ, ಸವಾಯಿ ಗಂಧರ್ವ ಮೊದಲಾದವರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ, ಅವರವರ ಶೈಲಿಯಲ್ಲಿಯೇ, ತಾನಿನ ತಿರುವುಗಳ ಸಮೇತ ಒಪ್ಪಿಸಿಬಿಡುತ್ತಿದ್ದ. ಇನ್ನೂ ಎಳೆಯ ವಯಸ್ಸಿನಲ್ಲೇ ಲಿಂಗಾಯತ ಮಠದ ಸ್ವಾಮಿಗಳೊಬ್ಬರು ಈ ಬಾಲಕನಿಗೆ ‘ಕುಮಾರ ಗಂಧರ್ವ’ ಎಂಬ ಬಿರುದು ಕೊಟ್ಟರು. ಬಿರುದೇ ಹೆಸರಾಯಿತು, ಹುಟ್ಟುಹೆಸರನ್ನು ಜನ ಮರೆತರು.

ಕೀರ್ತಿಯ ವಿಚಾರದಲ್ಲಿ ಮೊದಲ ಸಂಶಯ ಹುಟ್ಟುವುದು ಇಲ್ಲಿಯೇ. ಅನುಕರಣೆ ಎಷ್ಟೇ ಅದ್ಭುತವಾಗಿರಲಿ, ಅದು ಕಲೆಯಲ್ಲ. ಬಾಲಪ್ರತಿಭೆಯೆಂದು ಮೆರೆದ ಎಷ್ಟೋ ಮಕ್ಕಳು ಮೀಸೆ ಮೂಡುವ ಹೊತ್ತಿಗೆ ಸಾಮಾನ್ಯರಾಗಿ ಉಳಿದದ್ದನ್ನು ನಾವು ಕಂಡಿದ್ದೇವೆ. ಈ ಹುಡುಗನೂ ಹಾಗೆಯೇ ಆಗಬಹುದಿತ್ತು. ಆಗಲಿಲ್ಲ ಎಂಬುದಕ್ಕೆ ಕಾರಣ ಮುಂಬಯಿ.

ಆಪೇರಾ ಹೌಸಿನ ಶಾಲೆ

ಹನ್ನೊಂದರ ಸುಮಾರಿನ ಬಾಲಕ ಬಂದು ಸೇರಿದ್ದು ಪ್ರೊಫೆಸರ್ ಬಿ. ಆರ್. ದೇವಧರರ ಬಳಿ. ದೇವಧರರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಆಪೇರಾ ಹೌಸಿನ ಬಳಿ ಸಂಗೀತಶಾಲೆ ನಡೆಸುತ್ತಿದ್ದರು. ಆ ಕಾಲದ ಹಿನ್ನೆಲೆಯನ್ನು ಇಲ್ಲಿ ನೆನೆಯಬೇಕು. ಹಿಂದೂಸ್ತಾನಿ ಸಂಗೀತ ಬಹುಕಾಲ ಉಸ್ತಾದರ ಮನೆಯ ಆಸ್ತಿಯಾಗಿತ್ತು. ಶಿಷ್ಯನ ಕೈಗೆ ಗಂಡಾ ಕಟ್ಟಿದ ಮೇಲೆ ಅವನು ಬೇರೆಯವರಿಂದ ಕಲಿಯುವಂತಿರಲಿಲ್ಲ, ಕೆಲವೆಡೆ ಬೇರೆಯವರನ್ನು ಕೇಳುವುದಕ್ಕೂ ನಿಷೇಧವಿತ್ತು. ಈ ಬಾಗಿಲನ್ನು ತೆರೆದವರಲ್ಲಿ ಇಬ್ಬರು ಮುಖ್ಯರು. ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಸ್ಥಾಪಿಸಿ, 1908ರಲ್ಲಿ ಮುಂಬಯಿಗೆ ತಂದರು. ಮುಂಬಯಿಯವರೇ ಆದ ವಕೀಲ ಭಾತಖಂಡೆಯವರು ಊರೂರು ತಿರುಗಿ ಚೀಜುಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಉಸ್ತಾದರ ಜಗಲಿಯಿಂದ ಶಾಲೆಯ ಹಲಗೆಗೆ ಸಂಗೀತ ಬಂದದ್ದರಲ್ಲಿ ಈ ನಗರದ ಪಾಲು ದೊಡ್ಡದು.

ದೇವಧರರು ಇದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ಅವರು ಸ್ವತಃ ಹಲವು ಘರಾಣೆಗಳ ಹಿರಿಯರಿಂದ ಸಂಗ್ರಹಿಸಿದವರು. ಪಾಶ್ಚಾತ್ಯ ಸಂಗೀತವನ್ನೂ ಅಭ್ಯಸಿಸಿದವರು. ಅವರಲ್ಲಿಗೆ ಬಡೇ ಗುಲಾಂ ಅಲಿಯಂಥವರೂ ಬರುತ್ತಿದ್ದರು. ಹುಡುಗ ಎಲ್ಲರನ್ನೂ ಕೇಳಿದ. ಮುಂದೆ ಭೇಂಡಿ ಬಜಾರ್ ಪರಂಪರೆಯ ಅಂಜನಿಬಾಯಿ ಮಾಲಪೇಕರರಿಂದಲೂ ಕಲಿತ. ಅನುಕರಣೆಯ ಶಕ್ತಿಯುಳ್ಳ ಬಾಲಕನಿಗೆ ಒಬ್ಬನೇ ಗುರು ಸಿಕ್ಕಿದ್ದರೆ ಅವನು ಆ ಗುರುವಿನ ಪಡಿಯಚ್ಚಾಗುತ್ತಿದ್ದ. ಹತ್ತು ಮಂದಿಯನ್ನು ಕೇಳಿಸಿ, ಯಾವುದು ಏಕೆ ಹಾಗೆ ಎಂದು ಯೋಚಿಸಲು ಕಲಿಸಿದ್ದರಿಂದ ಅವನು ತಾನೇ ಆದ. ಕುಮಾರರು ಘರಾಣೆಯನ್ನು ಧಿಕ್ಕರಿಸಿದರು ಎಂದು ಹೇಳುವಾಗ, ಆ ಧಿಕ್ಕಾರದ ಬೀಜ ದೇವಾಸದ ಮಣ್ಣಿನಲ್ಲಲ್ಲ, ಆಪೇರಾ ಹೌಸಿನ ಶಾಲೆಯಲ್ಲಿ ಬಿತ್ತಲಾಗಿತ್ತು ಎಂಬುದನ್ನು ಮರೆಯಬಾರದು.

1930ರ ದಶಕದ ನಡುವೆ ಮುಂಬಯಿಯ ಜಿನ್ನಾ ಹಾಲಿನಲ್ಲಿ ದೇವಧರರು ಏರ್ಪಡಿಸಿದ ಸಂಗೀತ ಸಮ್ಮೇಳನದಲ್ಲಿ ಈ ಬಾಲಕ ಹಾಡಿದ್ದು, ದಿಗ್ಗಜಗಳ ಸಭೆ ಬೆರಗಾದದ್ದು ಪ್ರಸಿದ್ಧ ಸಂಗತಿ. ಲ್ಯಾಮಿಂಗ್ಟನ್ ರಸ್ತೆಯ ಬಳಿ, ಕಾಂಗ್ರೆಸ್ ಹೌಸಿನ ಆವರಣದಲ್ಲಿರುವ ಈ ಸಭಾಗೃಹವನ್ನು, 1918ರಲ್ಲಿ ಗವರ್ನರ್ ವಿಲಿಂಗ್ಡನ್‌ನ ಸ್ಮಾರಕದ ವಿರುದ್ಧ ಜಿನ್ನಾ ನಡೆಸಿದ ಪ್ರತಿಭಟನೆಯ ನೆನಪಿಗಾಗಿ ಜನ ವಂತಿಗೆ ಕೂಡಿಸಿ ಕಟ್ಟಿದ್ದರು. ಅದರ ಮುಂದೆ ದಿನವೂ ಹಾದುಹೋಗುವ ನಮ್ಮವರಿಗೆ ಅಲ್ಲಿ ಬೆಳಗಾವಿಯ ಹುಡುಗನೊಬ್ಬ ರಾತ್ರಿ ಬೆಳಗಾಗುವುದರೊಳಗೆ ಹೆಸರಾದ ಸಂಗತಿ ತಿಳಿದಿರಲಿಕ್ಕಿಲ್ಲ.

ಕಾಯಿಲೆ ಮತ್ತು ಕಥೆ

ಸುಮಾರು ಹನ್ನೆರಡು ವರ್ಷ ಮುಂಬಯಿಯಲ್ಲಿದ್ದು, ಕಲಿತ ಶಾಲೆಯಲ್ಲೇ ಕಲಿಸತೊಡಗಿ, 1947ರಲ್ಲಿ ಅದೇ ಶಾಲೆಯ ವಿದ್ಯಾರ್ಥಿನಿ ಭಾನುಮತಿ ಕಂಸರನ್ನು ಮದುವೆಯಾದರು. ಅಷ್ಟರಲ್ಲಿ ಕ್ಷಯ ಅಂಟಿಕೊಂಡಿತು. ಒಣ ಹವೆ ಬೇಕೆಂಬ ವೈದ್ಯರ ಸಲಹೆಯಂತೆ 1948ರ ಜನವರಿಯ ಕೊನೆಯಲ್ಲಿ, ದೇಶ ಗಾಂಧೀಜಿಯವರನ್ನು ಕಳೆದುಕೊಂಡ ದಿನಗಳಲ್ಲೇ, ದಂಪತಿಗಳು ಮಾಳವದ ದೇವಾಸಕ್ಕೆ ಹೋದರು. ಹಾಡಬಾರದು ಎಂದು ಅಪ್ಪಣೆಯಾಯಿತು. ಭಾನುಮತಿಯವರು ಶಾಲೆಯಲ್ಲಿ ದುಡಿದು ಸಂಸಾರ ನಡೆಸಿದರು, ಶುಶ್ರೂಷೆಯನ್ನೂ ಮಾಡಿದರು. 1943ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್ ಔಷಧಿ ಆಗತಾನೇ ಬಳಕೆಗೆ ಬರುತ್ತಿದ್ದ ಕಾಲ. ಅದರ ಉಪಕಾರದಿಂದ ಜೀವ ಉಳಿಯಿತು. ಆದರೆ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಾಯಿತು. 1953ರ ಸುಮಾರಿಗೆ ಅವರು ಮತ್ತೆ ವೇದಿಕೆ ಏರಿದರು. ಮುಂದೆ 1961ರಲ್ಲಿ ಭಾನುಮತಿಯವರು ಎರಡನೆಯ ಹೆರಿಗೆಯಲ್ಲಿ ತೀರಿಕೊಂಡರು. ಮರುವರ್ಷ ದೇವಧರರ ಇನ್ನೊಬ್ಬ ಶಿಷ್ಯೆ ವಸುಂಧರಾ ಶ್ರೀಖಂಡೆಯವರೊಡನೆ ವಿವಾಹವಾಯಿತು. ಅವರು ಕುಮಾರರೊಡನೆ ವೇದಿಕೆಯ ಮೇಲೆ ಕೂಡ ದನಿಗೂಡಿಸಿದರು.

ಟೀಕಾಕಾರರ ಮುಖ್ಯ ಮಾತು ಇಲ್ಲಿಯೇ ಇದೆ. ಕಥೆ ಇಷ್ಟು ಹೃದಯಸ್ಪರ್ಶಿಯಾದಾಗ ಕೇಳುಗ ಹಾಡನ್ನು ಕೇಳುವುದಿಲ್ಲ, ಕಥೆಯನ್ನು ಕೇಳುತ್ತಾನೆ. ಒಂದೇ ಶ್ವಾಸಕೋಶದ ಗಾಯಕನೆಂಬ ಕನಿಕರ ಮೆಚ್ಚುಗೆಯ ವೇಷ ತೊಡುತ್ತದೆ. ಉಸಿರು ಸಾಲದೆ ತುಂಡುತುಂಡಾದ ಗಾಯನಕ್ಕೆ ‘ಹೊಸ ಶೈಲಿ’ಯೆಂಬ ಹೆಸರು ಬರುತ್ತದೆ ಎಂಬುದು ಅವರ ವಾದ. ಇದನ್ನು ಅಸೂಯೆಯೆಂದು ತಳ್ಳಿಹಾಕುವುದು ಸರಿಯಲ್ಲ.

ವಿಜ್ಞಾನದ ವಿದ್ಯಾರ್ಥಿಯಾಗಿದ್ದವನಿಗೆ ಇಲ್ಲಿ ಒಂದು ವಿವೇಚನೆ ಸಾಧ್ಯ. ಶ್ವಾಸಕೋಶದಲ್ಲಿ ಹಿಡಿಯುವ ಗಾಳಿ ಕಡಿಮೆಯಾದರೆ ಒಂದು ಉಸಿರಿನಲ್ಲಿ ಹಾಡುವ ಪದಪುಂಜದ ಉದ್ದ ಕಡಿಮೆಯಾಗುತ್ತದೆ. ದೀರ್ಘ ತಾನುಗಳು ಕಷ್ಟವಾಗುತ್ತವೆ. ಆದರೆ ಸ್ವರದ ಎತ್ತರವನ್ನು ನಿರ್ಣಯಿಸುವುದು ಮುಖ್ಯವಾಗಿ ಧ್ವನಿತಂತುಗಳ ಬಿಗಿತ ಮತ್ತು ಉದ್ದ, ಗಾಳಿಯ ಮೊತ್ತವಲ್ಲ. ಸ್ವರ ಎಲ್ಲಿ ನಿಲ್ಲಬೇಕು, ಯಾವ ಸ್ವರದ ಮೇಲೆ ಎಷ್ಟು ಭಾರ ಹಾಕಬೇಕು, ಎಲ್ಲಿ ಮೌನವಿರಬೇಕು ಎಂಬುದನ್ನು ನಿರ್ಣಯಿಸುವುದು ಕಿವಿ ಮತ್ತು ಬುದ್ಧಿ. ಅಂದಮೇಲೆ ಕಾಯಿಲೆ ಅವರ ಗಾಯನದ ವಾಕ್ಯಗಳನ್ನು ಮೊಟಕುಗೊಳಿಸಿರಬಹುದು. ಆ ವಾಕ್ಯಗಳಲ್ಲಿ ಏನು ಹೇಳಬೇಕೆಂಬುದನ್ನು ಕಾಯಿಲೆ ಕಲಿಸಲಾರದು. ತಂಬೂರಿ ಶ್ರುತಿಗೂಡಿಸುವುದರಲ್ಲಿ ಕುಮಾರರು ತೋರುತ್ತಿದ್ದ ಹಟ ಅವರನ್ನು ಕೇಳಿದವರೆಲ್ಲ ನೆನೆಯುವ ವಿಷಯ. ಎರಡು ತಂಬೂರಿಗಳ ನಾದ ಒಂದಾಗುವವರೆಗೆ ಅವರು ಬಾಯಿ ತೆರೆಯುತ್ತಿರಲಿಲ್ಲ. ಧ್ವನಿಮುದ್ರಿಕೆಗಳಲ್ಲಿ ಆ ನಾದದ ನಡುವೆ ಅವರ ಸ್ವರ ಹಠಾತ್ತನೆ ಮೇಲೆದ್ದು ಸರಿಯಾದ ಎಡೆಯಲ್ಲಿ ನಿಲ್ಲುವುದನ್ನು ಕೇಳಬಹುದು. ಕನಿಕರದಿಂದ ಅಂಥ ಸ್ವರ ಹುಟ್ಟುವುದಿಲ್ಲ.

ಮಾಳವದ ಹಾಡು

ದೇವಾಸದ ಹಾಸಿಗೆಯಲ್ಲಿ ಮಲಗಿದ್ದ ವರ್ಷಗಳಲ್ಲಿ ಅವರು ಕೇಳಿದ್ದು ಮಾಳವದ ಹೆಂಗಸರ ಹಬ್ಬದ ಹಾಡು, ದಾರಿಹೋಕ ಸಾಧುಗಳ ನಿರ್ಗುಣ ಪದ. ಗುಣವಾದ ಮೇಲೆ ಅವನ್ನು ಸಂಗ್ರಹಿಸಿದರು, ಸ್ವರ ಹಾಕಿ ಬರೆದರು. ಜನಪದ ಧುನ್‌ಗಳೇ ರಾಗಗಳ ತವರು ಎಂಬ ನಿರ್ಣಯಕ್ಕೆ ಬಂದು, ಅವುಗಳಿಂದ ಹುಟ್ಟಿಸಿದ ರಾಗಗಳನ್ನು ‘ಧುನ್ ಉಗಮ’ ರಾಗಗಳೆಂದು ಕರೆದರು. ಮಾಲವತಿ, ಲಗನಗಂಧಾರ, ಸಂಜಾರಿ, ಮಧಸುರ್ಜಾ ಮೊದಲಾದವು ಹೀಗೆ ಬಂದವು. ಅವರ ರಚನೆಗಳ ಗ್ರಂಥ ‘ಅನೂಪ ರಾಗ ವಿಲಾಸ’ 1965ರಲ್ಲಿ ಪ್ರಕಟವಾಯಿತು. 1969ರಲ್ಲಿ, ಗಾಂಧೀ ಶತಾಬ್ದಿಯ ನಿಮಿತ್ತ, ‘ಗಾಂಧಿ ಮಲ್ಹಾರ’ ಹುಟ್ಟಿತು.

ಶುದ್ಧ ರಾಗಗಳಿಗೆ ಹಳ್ಳಿಯ ಮಣ್ಣು ಮೆತ್ತಿದರು ಎಂದು ಆಗ ಹಲವರು ಗೊಣಗಿದರು. ಆದರೆ ಇತಿಹಾಸ ನೋಡಿದರೆ ಕುಮಾರರ ಮಾತು ಆಧಾರವಿಲ್ಲದ್ದಲ್ಲ. ರಾಗಗಳ ಹೆಸರುಗಳನ್ನೇ ನೋಡಿರಿ: ಗುರ್ಜರಿ, ಮುಲ್ತಾನಿ, ಜೌನಪುರಿ, ಪಹಾಡಿ, ಅಷ್ಟೇಕೆ, ಕಾನಡಾ ಎಂಬಲ್ಲಿ ನಮ್ಮ ಕರ್ಣಾಟದ ಹೆಸರೇ ಅಡಗಿದೆ ಎನ್ನುತ್ತಾರೆ. ಮತಂಗನ ‘ಬೃಹದ್ದೇಶೀ’ ಎಂಬ ಗ್ರಂಥದ ಹೆಸರಿನಲ್ಲೇ ದೇಶೀ ಸಂಗೀತಕ್ಕೆ ಗೌರವದ ಸ್ಥಾನವಿದೆ. ನಾಡಿನ ಹಾಡು ರಾಗವಾಗುವ ಕ್ರಿಯೆ ಸಾವಿರ ವರ್ಷಗಳಿಂದ ನಡೆದೇ ಇತ್ತು. ಎಲ್ಲರೂ ಅದು ಮುಗಿದುಹೋದ ಸಂಗತಿಯೆಂದು ತಿಳಿದಿದ್ದಾಗ, ಅದಿನ್ನೂ ನಡೆಯಬಲ್ಲದೆಂದು ಹಾಡಿ ತೋರಿಸಿದವರು ಕುಮಾರರು.

ನಿರ್ಗುಣ ಭಜನೆಗಳ ವಿಷಯವೂ ಹಾಗೆಯೇ. ಕಬೀರನ ಪದಗಳನ್ನು ಕಛೇರಿಯ ಕೊನೆಗೆ ಊಟದ ಮೇಲಿನ ವೀಳ್ಯದಂತೆ ಬಡಿಸುವುದು ರೂಢಿಯಾಗಿತ್ತು. ಕುಮಾರರು ದೇವಾಸದ ನಾಥಪಂಥೀ ಸಾಧುಗಳ ಹಾಡಿಕೆಯಿಂದ ಅವುಗಳ ಒರಟನ್ನೂ ನಿರ್ಲಿಪ್ತತೆಯನ್ನೂ ಹಿಡಿದು ತಂದು, ಖಯಾಲಿಗೆ ಕೊಡುವಷ್ಟೇ ಗಾಂಭೀರ್ಯವನ್ನು ಅವಕ್ಕೂ ಕೊಟ್ಟರು. ವಚನ ಮತ್ತು ತತ್ತ್ವಪದಗಳ ನಾಡಿನಿಂದ ಬಂದವರಿಗೆ ಈ ದನಿ ಹೊಸದಲ್ಲ. ಏಕತಾರಿ ಹಿಡಿದು ಬರುವ ನಮ್ಮ ಕಡೆಯ ಹಾಡುಗಾರರನ್ನು ಚಿಕ್ಕಂದಿನಲ್ಲಿ ಕೇಳಿದವರು ಕುಮಾರರ ಕಬೀರನನ್ನು ಕೇಳಿದಾಗ ತಮ್ಮೂರ ನೆನಪು ಮಾಡಿಕೊಂಡರೆ ಆಶ್ಚರ್ಯವಿಲ್ಲ.

ಇವಲ್ಲದೆ ಋತುಗಳನ್ನೇ ವಸ್ತುವಾಗಿಟ್ಟುಕೊಂಡ ‘ಗೀತ ವರ್ಷಾ’, ‘ಗೀತ ವಸಂತ’, ಮರಾಠೀ ರಂಗಭೂಮಿಯ ಬಾಲಗಂಧರ್ವರನ್ನು ತಾವು ಅರ್ಥ ಮಾಡಿಕೊಂಡ ರೀತಿಯನ್ನು ಹಾಡಿ ತೋರಿಸಿದ ಕಾರ್ಯಕ್ರಮ, ಸೂರ, ಮೀರಾ, ತುಳಸೀದಾಸರ ಮೇಲಿನ ಕಾರ್ಯಕ್ರಮಗಳು ಬಂದವು. ಒಂದು ವಿಷಯವನ್ನು ಹಿಡಿದು ಇಡೀ ಸಂಜೆಯ ಕಛೇರಿಯನ್ನು ಕಟ್ಟುವುದು ಇಂದು ನಮಗೆ ಮಾಮೂಲಾಗಿದೆ. ಅದು ರೂಢಿಯಾಗುವುದಕ್ಕೆ ದಾರಿ ಹಾಕಿದವರಲ್ಲಿ ಅವರು ಪ್ರಮುಖರು.

ಒಪ್ಪಬೇಕಾದ ಆಕ್ಷೇಪಗಳು

ಇಷ್ಟೆಲ್ಲ ಹೇಳಿದ ಮೇಲೆ ಖರ್ಚಿನ ಬಾಬನ್ನೂ ಬರೆಯದಿದ್ದರೆ ಲೆಕ್ಕ ಸರಿಯಾಗುವುದಿಲ್ಲ.

ಮೊದಲನೆಯದು, ವಿಲಂಬಿತ. ಕುಮಾರರು ವಿಲಂಬಿತ ಖಯಾಲು ಹಾಡಲೇ ಇಲ್ಲವೆಂಬುದು ಸುಳ್ಳು, ಹಾಡಿದ್ದಾರೆ. ಆದರೆ ಕಿರಾಣಾದವರು ಮಾಡುವಂತೆ ಒಂದೊಂದೇ ಸ್ವರವನ್ನು ಮೊಗ್ಗಿನಂತೆ ಬಿಡಿಸುತ್ತ ಒಂದು ಗಂಟೆಯ ಕಾಲ ರಾಗದ ಮನೆ ಕಟ್ಟುವ ಸುಖ ಅವರಲ್ಲಿ ಸಿಗುವುದು ಕಡಿಮೆ. ಗಂಗೂಬಾಯಿ ಹಾನಗಲ್ಲರ ಅಥವಾ ಭೀಮಸೇನರ ಆಲಾಪದಲ್ಲಿ ಮಿಂದವನಿಗೆ ಕುಮಾರರ ಗಾಯನ ಬಡಿಸಿದ ಕೂಡಲೇ ಎಲೆ ಎತ್ತಿದಂತೆ ತೋರಿದರೆ ಅದು ಅವನ ತಪ್ಪಲ್ಲ. ಕುಮಾರರಿಗೆ ಚೀಜಿನ ಮಾತೇ ರಾಗದ ಮೂರ್ತಿ. ಅದು ಮೂಡಿತೆಂದರೆ ಮುಂದಕ್ಕೆ ಬೆಳೆಸುವ ಅಗತ್ಯ ಅವರಿಗೆ ಕಾಣುತ್ತಿರಲಿಲ್ಲ. ಇದು ದೃಷ್ಟಿಭೇದ ನಿಜ, ಆದರೆ ಒಂದು ಸುಖವನ್ನು ಬಿಟ್ಟುಕೊಟ್ಟ ದೃಷ್ಟಿಭೇದ.

ಎರಡನೆಯದು, ಹೊಸ ರಾಗಗಳ ಆಯುಷ್ಯ. ಮುಂಬಯಿಯಲ್ಲೇ ಬಾಳಿದ ಜಗನ್ನಾಥಬುವಾ ಪುರೋಹಿತರು ಸೃಷ್ಟಿಸಿದ ಜೋಗಕಂಸ ರಾಗವನ್ನು ಇಂದು ಎಲ್ಲ ಘರಾಣೆಯವರೂ ಹಾಡುತ್ತಾರೆ, ಬಾರಿಸುತ್ತಾರೆ. ಕೆಲವರಿಗೆ ಅದು ಈ ಕಾಲದ ಸೃಷ್ಟಿಯೆಂಬುದೇ ತಿಳಿಯದು. ಕುಮಾರರ ರಾಗಗಳಿಗೆ ಆ ಭಾಗ್ಯ ಒದಗಲಿಲ್ಲ. ಅವು ಬಹುಮಟ್ಟಿಗೆ ಅವರ ಮಕ್ಕಳು, ಶಿಷ್ಯರ ಕಂಠದಲ್ಲೇ ಉಳಿದಿವೆ. ರಾಗ ಹುಟ್ಟಿಸುವ ತತ್ತ್ವ ದೊಡ್ಡದಾದರೂ ಹುಟ್ಟಿದ ಕೂಸುಗಳು ಊರಾಡಲಿಲ್ಲ.

ಮೂರನೆಯದು, ಭಕ್ತರು. ಕುಮಾರರಿಗೆ ಪು. ಲ. ದೇಶಪಾಂಡೆಯವರಂಥ ಮಹಾರಾಷ್ಟ್ರದ ಸಾಹಿತಿಗಳ ಸ್ನೇಹ ಒದಗಿತು. ಲೇಖನಿ ಬಲ್ಲವರು ಹತ್ತಿರವಿದ್ದ ಕಲಾವಿದನ ಹೆಸರು ಹೆಚ್ಚು ದಿನ ಅಚ್ಚಿನಲ್ಲಿರುತ್ತದೆ. ಧಾರವಾಡದಲ್ಲಿ ಕುಳಿತು, ಅಪರೂಪದ ರಾಗಗಳನ್ನು ಸದ್ದಿಲ್ಲದೆ ಹಾಡಿಕೊಂಡಿದ್ದ ಮಲ್ಲಿಕಾರ್ಜುನ ಮನ್ಸೂರರಿಗೆ ದೇಶದ ಗಮನ ತಲುಪಿದ್ದು ಬಹಳ ತಡವಾಗಿ. ಇಬ್ಬರೂ ಕಾಲವಾದದ್ದು 1992ರಲ್ಲಿಯೇ, ಕುಮಾರರು ಜನವರಿ 12ರಂದು, ಮನ್ಸೂರರು ಸೆಪ್ಟೆಂಬರ್ 12ರಂದು. ನಾದದ ತೂಕದಲ್ಲಿ ಯಾರು ಹೆಚ್ಚೆಂಬ ಪ್ರಶ್ನೆ ಬೇಡ. ಬರವಣಿಗೆಯ ತೂಕದಲ್ಲಿ ಕುಮಾರರ ತಟ್ಟೆ ಹೆಚ್ಚು ಬಾಗಿತ್ತು ಎಂಬುದು ಸತ್ಯ.

ಉಳಿಕೆ

ಹಾಗಾದರೆ ತೀರ್ಮಾನವೇನು? ಕೀರ್ತಿಯ ಮೊತ್ತದಲ್ಲಿ ಬಾಲ್ಯದ ಪವಾಡವನ್ನು ಕಳೆಯೋಣ, ಅದು ದೈವದತ್ತ. ಕಾಯಿಲೆಯ ಕಥೆಯನ್ನು ಕಳೆಯೋಣ; ಅದರಲ್ಲಿ ಭಾನುಮತಿಯವರ ಪಾಲೇ ಹೆಚ್ಚು. ಸಾಹಿತಿಗಳ ಪ್ರಶಂಸೆಯನ್ನು, 1977ರ ಪದ್ಮಭೂಷಣ, 1990ರ ಪದ್ಮವಿಭೂಷಣಗಳನ್ನೂ ಕಳೆಯೋಣ. ಇಷ್ಟು ಕಳೆದ ಮೇಲೂ ಒಂದು ಉಳಿಕೆ ಇದೆ. ಪರಂಪರೆಯೆಂದರೆ ಗುರು ಹಾಡಿದಂತೆ ಹಾಡುವುದೋ, ಗುರು ಯೋಚಿಸಿದಷ್ಟೇ ಗಾಢವಾಗಿ ತಾನೂ ಯೋಚಿಸುವುದೋ ಎಂಬ ಪ್ರಶ್ನೆಯನ್ನು ಈ ಶತಮಾನದ ಹಿಂದೂಸ್ತಾನಿ ಗಾಯಕರ ಮುಂದೆ ಇಟ್ಟು ಹೋದವರು ಅವರು. ಅವರನ್ನು ಒಪ್ಪದವರೂ ಆ ಪ್ರಶ್ನೆಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕಾಗಿದೆ. ಪರಿಪೂರ್ಣ ಗಾಯಕರೆಂಬ ಕೀರ್ತಿ ಅವರಿಗೆ ಪೂರ್ತಿಯಾಗಿ ಸಲ್ಲದು. ಸಂಗೀತವನ್ನು ಹೊಸದಾಗಿ ಯೋಚಿಸಿದವರೆಂಬ ಕೀರ್ತಿ ಸಂದದ್ದಕ್ಕಿಂತಲೂ ಹೆಚ್ಚು ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ಕೊನೆಯದಾಗಿ ‘ನಮ್ಮವರು’ ಎಂಬ ಮಾತು. ಬೆಳಗಾವಿಯಲ್ಲಿ ಅವರ ಹೆಸರಿನ ಕಲಾಮಂದಿರವಿದೆ, ಅದು ಯೋಗ್ಯವೇ. ಆದರೆ ಕರ್ನಾಟಕ ಅವರಿಗೆ ಹುಟ್ಟು ಕೊಟ್ಟಿತು, ಮುಂಬಯಿ ವಿದ್ಯೆ ಕೊಟ್ಟಿತು, ಮಾಳವ ಮರುಜನ್ಮ ಕೊಟ್ಟಿತು. ಮೂವರಲ್ಲಿ ಯಾರೊಬ್ಬರೂ ಪೂರ್ತಿ ಹಕ್ಕು ಹೂಡುವಂತಿಲ್ಲ. ಒಂದೂರಲ್ಲಿ ಹುಟ್ಟಿ, ಇನ್ನೊಂದೂರಲ್ಲಿ ಕಲಿತು, ಮತ್ತೊಂದು ಭಾಷೆಯವರ ನಡುವೆ ಬಾಳುವುದು ಏನೆಂಬುದು ದಾದರಿನಿಂದ ಡೊಂಬಿವಲಿಯವರೆಗೆ ಹಬ್ಬಿರುವ ನಮಗೆ ಬೇರೆಯವರು ವಿವರಿಸಬೇಕಾಗಿಲ್ಲ. ಹಕ್ಕು ಹೂಡುವುದಾದರೆ ಅದಕ್ಕೆ ಒಂದೇ ದಾರಿ, ಕೇಳುವುದು. ಅವರ ಬಾಲ್ಯದ ಧ್ವನಿಮುದ್ರಿಕೆಗಳೂ ಲಭ್ಯವಿವೆ, ಕಾಯಿಲೆಯ ನಂತರದ ಕಛೇರಿಗಳೂ ಲಭ್ಯವಿವೆ. ಒಂದಾದ ಮೇಲೊಂದನ್ನು ಕೇಳಿ ನೋಡಿರಿ. ಮೊದಲನೆಯದರಲ್ಲಿ ಬೇರೆಯವರ ಹಾಡನ್ನು ನಿರಾಯಾಸವಾಗಿ ಹಾಡುವ ಹುಡುಗನಿದ್ದಾನೆ. ಎರಡನೆಯದರಲ್ಲಿ ತನ್ನ ಹಾಡನ್ನು ಪ್ರಯಾಸದಿಂದ ಹಾಡುವ ಮನುಷ್ಯನಿದ್ದಾನೆ. ಯಾರು ಹೆಚ್ಚೆಂದು ವಾಚಕರೇ ನಿರ್ಣಯಿಸಬೇಕು. ನನ್ನ ನಿರ್ಣಯವನ್ನು ಒಪ್ಪದವರು ಈ ಪುಟಗಳಲ್ಲೇ ಬರೆದು ತಿದ್ದಿದರೆ ಸಂತೋಷ.